ಗಿರಿ ಎದ್ದು ನಿಂತ ಬೇಸಿಗೆ

ಹೋದ ತಿಂಗಳು ನಮ್ಮ ವರ್ಕ್‌ಶಾಪಿನ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರೊಬ್ಬರ ಬೀಳ್ಕೊಡುಗೆ ಇತ್ತು. ಊಟ ಇಟ್ಟುಕೊಂಡಿದ್ದು ಕ್ಯಾನಿಂಗ್ಟನ್ ಕಡೆಯ ಒಂದು ಹಳೆಯ ಕ್ಲಬ್ಬಿನಲ್ಲಿ. ಬಾಗಿಲು ತಳ್ಳಿದ ಕೂಡಲೇ ಬಿಸಿ ಚಿಪ್ಸಿನ ಮೇಲೆ ಸುರಿದ ವಿನೆಗರಿನ ಹುಳಿ, ಅದರಡಿಯಲ್ಲಿ ವರ್ಷಾನುಗಟ್ಟಲೆ ಬಿಯರ್ ಹೀರಿದ ಕಾರ್ಪೆಟ್ಟಿನ ಮುಗ್ಗಲು, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ನನ್ನ ಕಾಲು ಅಲ್ಲೇ ನಿಂತಿತು. ಜೊತೆಗಿದ್ದವರು ಏನಾಯಿತು ಎಂದರು. ಏನಿಲ್ಲ, ಇಲ್ಲಿಗೆ ಹಿಂದೆ ಒಮ್ಮೆ ಬಂದಿದ್ದೆ ಎಂದೆ. ಆ ಸಲ, ಜನವರಿಯ ಸುಡುಬಿಸಿಲಿನ ಒಂದು ಮಧ್ಯಾಹ್ನ, ನನ್ನ ತಂಗಿ ಗಿರಿಜಾ ಇದೇ ಸಭಾಂಗಣದ ನಡುವೆ ಎದ್ದು ನಿಂತಿದ್ದಳು.

ಆಸ್ಟ್ರೇಲಿಯಾದ ಪರ್ತ್‌ಗೆ ನಾನು ಬಂದು ಹದಿನೈದು ವರ್ಷದ ಮೇಲಾಯಿತು. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಗಂಡ ರಾಘುವಿನ ಜೊತೆ ಇಲ್ಲಿಗೆ ಬಂದವಳು. ವೆಲ್ಷ್‌ಪೂಲ್‌ನ ಶೆಡ್ಡೊಂದರಲ್ಲಿ ಗಣಿಗಳಿಂದ ಬರುವ ದೊಡ್ಡ ಪಂಪುಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಕಳಿಸುತ್ತೇವೆ. ಅವು ಹೊರಡುವ ಮುಂಚೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಗಿರಿ ನನಗಿಂತ ಏಳು ವರ್ಷ ಚಿಕ್ಕವಳು. ನರ್ಸಿಂಗ್ ಮುಗಿಸಿ ಮಸ್ಕತ್ತಿಗೆ ಹೋದಳು. ಅಲ್ಲಿಂದ ಗಂಡ ಮಂಜುನಾಥ, ಮಗ ಧ್ರುವನನ್ನು ಕರೆದುಕೊಂಡು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಒಂದು ಪುಟ್ಟ ಪಟ್ಟಣ ಸೇರಿದಳು. ವಯಸ್ಸಾದವರ ಆರೈಕೆಗೆ ಅಲ್ಲಿ ಜನ ಸಿಗುತ್ತಿರಲಿಲ್ಲ. ವೃದ್ಧಾಶ್ರಮದವರು ಜಾಹೀರಾತು ಕೊಟ್ಟು, ಫೋನಿನಲ್ಲಿ ಮಾತಾಡಿಸಿ, ವೀಸಾಕ್ಕೆ ತಾವೇ ಜಾಮೀನು ನಿಂತು ಇವಳನ್ನು ಕರೆಸಿಕೊಂಡಿದ್ದರು. ಐದು ವರ್ಷ ದುಡಿದರೆ ಶಾಶ್ವತವಾಗಿ ನೆಲೆಸಲು ಅರ್ಜಿ ಹಾಕಬಹುದು ಎಂಬುದು ಆಗಿನ ನಿಯಮ. ಗಿರಿಯ ಐದು ವರ್ಷ ಇನ್ನೇನು ಹತ್ತಿರ ಬಂದಿತ್ತು.

ಅಷ್ಟರಲ್ಲಿ ಅಲ್ಲಿನ ರಾಜಕೀಯ ತಿರುಗಿತು. ದುಡಿಯುವವರ ಹೆಸರು ಹೇಳಿಕೊಂಡು ಅಧಿಕಾರಕ್ಕೆ ಬಂದ ಪಕ್ಷವೇ ಐದನ್ನು ಹತ್ತು ಮಾಡುತ್ತೇವೆ ಎಂದಿತು. ಆರೈಕೆಯಂಥ ಕೆಲಸದವರಿಗೆ ಹದಿನೈದೂ ಆಗಬಹುದು, ಈಗಾಗಲೇ ಬಂದವರಿಗೂ ಇದು ಅನ್ವಯಿಸಬಹುದು ಎಂದಿತು. ಸಮೀಕ್ಷೆಗಳಲ್ಲಿ ಅದನ್ನು ಹಿಂದೆ ಹಾಕಿ ಓಡುತ್ತಿದ್ದ ಹೊಸ ಪಕ್ಷವೊಂದು ಇಷ್ಟು ಸಾಲದು, ಶಾಶ್ವತವಾಗಿ ನೆಲೆಸುವ ಪದ್ಧತಿಯನ್ನೇ ಕಿತ್ತುಹಾಕುತ್ತೇವೆ ಎಂದು ಕೂಗಿತು. ಹಳೆಯ ವಿರೋಧ ಪಕ್ಷ ನಮ್ಮದೇನು ಕಡಿಮೆ ಎಂದು ಅದರ ಹಿಂದೆ ಓಡಿತು. ಯಾರ ಬಾಗಿಲು ಹೆಚ್ಚು ಗಟ್ಟಿ ಎಂದು ಪೈಪೋಟಿ ಬಿದ್ದವರಿಗೆ ಹೊಸ್ತಿಲ ಮೇಲೆ ನಿಂತವರ ಕಾಲು ಕಾಣುತ್ತಿರಲಿಲ್ಲ. ಗಿರಿ ಬೆಳಗಿನ ಚಹಾದ ಬಿಡುವಿನಲ್ಲಿ ನನಗೆ ಫೋನ್ ಮಾಡುತ್ತಿದ್ದಳು. ಮೊದಲೆಲ್ಲ ತನ್ನ ಆಶ್ರಮದ ಅಜ್ಜಿಯರ ಕಥೆ ಹೇಳುತ್ತಿದ್ದವಳು ಈಗ ಬರೀ ಮಂತ್ರಿಗಳ ಹೇಳಿಕೆ ಓದಿ ಹೇಳತೊಡಗಿದ್ದಳು.

“ಬಂದ್ಬಿಡು ಇಲ್ಲಿಗೆ,” ಎಂದು ನಾನೇ ಹೇಳಿದೆ. “ಸುಮ್ನೆ ಯಾಕೆ ಅಲ್ಲಿ ಬೇಡವಾದವರ ಥರ ಇರ್ತೀಯ? ಮೊದ್ಲು ಬಂದು ಊರು ನೋಡು. ನನ್ನ ಫ್ರೆಂಡ್ ಒಬ್ಬಳು ಇಲ್ಲಿ ಓಲ್ಡೇಜ್ ಹೋಮ್ ನಡೆಸ್ತಾಳೆ. ಮಾತಾಡಿಸ್ತೀನಿ.”

“ಓಡಿ ಬಾ ಅಂತೀಯಾ?”

“ಓಡಿ ಬಾ ಅಲ್ಲ ಕಣೇ. ನೋಡಿ ಬಾ.”

ಕ್ರಿಸ್‌ಮಸ್‌ನಲ್ಲಿ ಅವಳಿಗೆ ರಜೆ ಸಿಗಲಿಲ್ಲ. ಜನವರಿಯ ಮಧ್ಯದಲ್ಲಿ, ಮಂಜು ಮತ್ತು ಧ್ರುವನನ್ನು ಅಲ್ಲೇ ಬಿಟ್ಟು, ಒಬ್ಬಳೇ ಬಂದಳು. ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟವಳೇ ಕೋಟು ಬಿಚ್ಚಿ ಕೈಗೆ ಹಾಕಿಕೊಂಡು, “ಏನಕ್ಕಾ ಇದು, ಕಾವಲಿ ಮೇಲೆ ನಿಂತಂಗಿದೆ,” ಎಂದಳು. ಆ ವಾರ ಬಿಸಿಲು ನಲವತ್ತು ದಾಟಿತ್ತು. ರಸ್ತೆಯ ಟಾರು ಮೆತ್ತಗಾಗಿತ್ತು. ಬೆಳಿಗ್ಗೆ ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿ, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಬೀಸುವ ತನಕ ಮನೆಯೊಳಗೇ ಇರುತ್ತಿದ್ದೆವು. ಇಲ್ಲಿನವರು ಆ ಗಾಳಿಯನ್ನು ಡಾಕ್ಟರ್ ಎಂದು ಕರೆಯುತ್ತಾರೆ. ಅದು ಬಂತೆಂದರೆ ಊರಿಗೇ ಜ್ವರ ಬಿಟ್ಟಂತೆ. ಬೇಲಿಯಾಚೆ ನಮ್ಮ ಪಕ್ಕದ ಮನೆಯ ಬ್ರಯನ್ ಹೊರಗೆ ಬಂದು ಗಿಡಗಳಿಗೆ ನೀರು ಬಿಡಲು ಶುರು ಮಾಡುತ್ತಿದ್ದ.

ಬ್ರಯನ್ ಬಗ್ಗೆ ಹೇಳಬೇಕು. ನಾನು ವೆಲ್ಷ್‌ಪೂಲ್‌ನ ಕೆಲಸಕ್ಕೆ ಸೇರಿದಾಗ ಅವನು ಅಲ್ಲಿ ವೆಲ್ಡರ್, ನಿವೃತ್ತಿಗೆ ಹತ್ತಿರವಿದ್ದವನು. ಆ ಶೆಡ್ಡಿನಲ್ಲಿ ನಾನೊಬ್ಬಳೇ ಹೆಂಗಸು. ಮೊದಲ ವಾರ ಯಾರೋ ಏನೋ ಅಂದಾಗ ವೆಲ್ಡಿಂಗಿನ ಮುಖವಾಡ ಮೇಲೆತ್ತಿ ಆ ಮನುಷ್ಯನ ಬಾಯಿ ಮುಚ್ಚಿಸಿದವನು ಬ್ರಯನ್. ಈ ಮನೆ ಮಾರಾಟಕ್ಕಿದೆ ಎಂದು ನಮಗೆ ತಿಳಿಸಿದವನೂ ಅವನೇ. ನನ್ನ ಮಗಳು ಮೀರಾ ಹುಟ್ಟಿದಾಗಿನಿಂದ ಅವನನ್ನು ಅಂಕಲ್ ಎಂದೇ ಕರೆಯುವುದು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಆಸ್ಟ್ರೇಲಿಯಾ ಸರ್ಕಾರ ಬಿಳಿಯರನ್ನು ಕರೆದು ಕರೆದು ತುಂಬಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವನು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು.

ಗಿರಿ ಬಂದ ಎರಡನೇ ದಿನ ಬೇಲಿಯ ಬಳಿ ಪರಿಚಯ ಮಾಡಿಸಿದೆ. ಗಿರಿ ಬಾಯಿ ತೆರೆದದ್ದೇ ತಡ, ಬ್ರಯನ್ ಕೈಯ ಪೈಪು ಕೆಳಗಿಳಿಯಿತು. ಅವನ ಚಪ್ಪಲಿಯ ಮೇಲೆ ನೀರು ಹರಿಯುತ್ತಿದ್ದರೂ ಗಮನವಿಲ್ಲ. ಗಿರಿಯ ಇಂಗ್ಲಿಷು ಟೀವಿಯ ಇಂಗ್ಲಿಷಲ್ಲ. ಆಶ್ರಮದ ಅಜ್ಜ ಅಜ್ಜಿಯರಿಂದ ಕಲಿತದ್ದು. ಅವರ ಹಾಗೇ ಎಳೆದು, ಮಾತಿಗೊಮ್ಮೆ ‘ಪೆಟ್’ ಎಂದು ಸೇರಿಸಿ ಆಡುತ್ತಿದ್ದಳು. ನಮ್ಮಲ್ಲಿ ‘ಮರೀ’ ಎಂದ ಹಾಗೆ.

“ನೀನು ಎಲ್ಲಿಂದ ಬಂದೆ?” ಎಂದ ಬ್ರಯನ್.

ಗಿರಿ ಊರಿನ ಹೆಸರು ಹೇಳಿದಳು. ಬ್ರಯನ್ ಹುಟ್ಟಿದ್ದು ಅದೇ ಕರಾವಳಿಯಲ್ಲಿ, ಬಸ್ಸಿನಲ್ಲಿ ಹೋದರೆ ಮುಂದಿನ ಊರು. ಅವನ ಕಣ್ಣು ತುಂಬಿತು. ಸಮುದ್ರದೊಳಕ್ಕೆ ಚಾಚಿದ ಆ ಕಟ್ಟೆ ಇನ್ನೂ ಇದೆಯಾ? ಚಳಿಗಾಲದಲ್ಲಿ ಅಲೆ ಅದರ ಮೇಲೆ ಹತ್ತುತ್ತದಾ? ಗಿರಿ ಇದೆ ಎಂದಳು, ಹತ್ತುತ್ತದೆ ಎಂದಳು, ನನ್ನ ಮಗ ಅಲ್ಲೇ ಏಡಿ ಹಿಡಿಯಲು ಕೂರುತ್ತಾನೆ ಎಂದಳು. ಐವತ್ತು ವರ್ಷಕ್ಕೂ ಹಿಂದೆ ಬಿಟ್ಟ ಊರಿನ ಸುದ್ದಿಯನ್ನು ಮೈಸೂರಿನ ಹುಡುಗಿಯ ಬಾಯಲ್ಲಿ ಅವನು ಕೇಳುತ್ತಿದ್ದ. ಅವತ್ತಿನಿಂದ ಸಂಜೆಯಾದರೆ ಬ್ರಯನ್ ಬೇಲಿಯ ಬಳಿ ಹಾಜರು. ಒಂದು ದಿನ ತಾನೇ ಕಾರು ತೆಗೆದು ಅವಳಿಗೆ ಸಮುದ್ರ ತೋರಿಸಿಕೊಂಡು ಬಂದ. ನನ್ನ ಗೆಳತಿಯ ಆಶ್ರಮಕ್ಕೂ ಗಿರಿ ಹೋಗಿ ಬಂದಳು. ಅವರಿಗೆ ಇವಳು ಹಿಡಿಸಿದಳು. ಎಲ್ಲ ನಾನು ಅಂದುಕೊಂಡ ಹಾಗೇ ನಡೆಯುತ್ತಿದೆ ಎಂದು ನನಗೆ ಒಳಗೊಳಗೇ ಖುಷಿ.

ಆಮೇಲೊಂದು ಸಂಜೆ ಬ್ರಯನ್ ಸಂಭ್ರಮದಿಂದ ಹೇಳಿದ: “ನನಗೆ ವೋಟು ವಾಪಸ್ಸು ಬಂತು, ಗೊತ್ತಾ?”

ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದ ಬ್ರಿಟಿಷರಿಗೆ ಅಲ್ಲಿನ ಸಂಸತ್ತಿನ ಚುನಾವಣೆಯಲ್ಲಿ ಮತವಿಲ್ಲ ಎಂಬ ನಿಯಮ ಮೊದಲಿತ್ತು. ಅದನ್ನು ತೆಗೆದುಹಾಕಿದ್ದರು. ಇನ್ನು ಸಾಯುವ ತನಕ ಅವನಿಗೆ ಮತವಿದೆ.

“ಯಾರಿಗೆ ಹಾಕ್ತೀರಿ?” ಎಂದಳು ಗಿರಿ ನಗುತ್ತ.

ಅವನು ಆ ಹೊಸ ಪಕ್ಷದ ಹೆಸರು ಹೇಳಿದ. ಮುಚ್ಚುಮರೆಯಿಲ್ಲ. “ಊರು ಕೈಬಿಟ್ಟು ಹೋಗ್ತಿದೆ. ನನ್ನ ತಂಗಿ ಸೊಂಟದ ಆಪರೇಷನ್ನಿಗೆ ಎಷ್ಟೋ ಕಾಲದಿಂದ ಕಾಯ್ತಿದ್ದಾಳೆ. ಅವಳ ಮೊಮ್ಮಗನಿಗೆ ಬಾಡಿಗೆ ಮನೆ ಸಿಗಲ್ಲ. ಎಷ್ಟು ಜನ ಅಂತ ತುಂಬಿಸೋದು?”

“ಹಾಗಾದ್ರೆ ನಾನು?”

“ಛೆ, ನೀನಲ್ಲ ಪೆಟ್,” ಎಂದ. “ನಿನ್ನ ಬಗ್ಗೆ ಯಾರು ಹೇಳ್ತಿದ್ದಾರೆ?”

ಈ ‘ನೀನಲ್ಲ’ ನನಗೆ ಹೊಸದಲ್ಲ. ಹದಿನೈದು ವರ್ಷದಿಂದ ಶೆಡ್ಡಿನಲ್ಲಿ, ಮೀರಾಳ ಶಾಲೆಯ ಗೇಟಿನಲ್ಲಿ, ಹಿತ್ತಲ ಬಾರ್ಬೆಕ್ಯೂ ಒಲೆಯ ಸುತ್ತ ನಿಂತವರ ನಡುವೆ ಕೇಳಿದ್ದೆ. ಯಾರನ್ನೋ ಬೈಯುತ್ತಿರುತ್ತಾರೆ, ಇದ್ದಕ್ಕಿದ್ದಂತೆ ನಾನಿರುವುದು ನೆನಪಾಗುತ್ತದೆ, ತೋಳು ಮುಟ್ಟಿ ‘ನೀನಲ್ಲ’ ಎನ್ನುತ್ತಾರೆ. ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಹಿಂದಿನ ಚಳಿಗಾಲ ಇಲ್ಲೂ ವಲಸಿಗರ ವಿರುದ್ಧ ಮೆರವಣಿಗೆಗಳಾಗಿದ್ದವು, ಹಂಚಿದ ಚೀಟಿಗಳಲ್ಲಿ ನಮ್ಮವರ ಹೆಸರೇ ಎದ್ದು ಕಾಣುತ್ತಿತ್ತು. ಆಗಲೂ ಶೆಡ್ಡಿನಲ್ಲಿ ಒಬ್ಬರು ನನಗೆ ಅದೇ ಮಾತು ಹೇಳಿ ಬಿಸ್ಕತ್ತು ಮುಂದೆ ಮಾಡಿದ್ದರು.

ಗಿರಿ ನಗಲಿಲ್ಲ. “ಬ್ರಯನ್, ಅವರು ಬರೆದಿರೋದ್ರಲ್ಲಿ ‘ಗಿರಿಜಾನ ಬಿಟ್ಟು’ ಅಂತ ಎಲ್ಲಿದೆ?” ಎಂದು ಕೇಳಿದಳು.

ಬ್ರಯನ್ ಪೈಪು ಸುತ್ತತೊಡಗಿದ. “ನೀನೇ ಬಂದು ಕೇಳು,” ಎಂದ. “ನಮ್ಮೂರ ಕಡೆಯವನೇ ಒಬ್ಬ, ಆ ಪಕ್ಷದ ಕೌನ್ಸಿಲರ್ ಆಗಿದ್ದವನು, ಮೊಮ್ಮಕ್ಕಳನ್ನು ನೋಡೋಕೆ ಪರ್ತ್‌ಗೆ ಬಂದಿದ್ದಾನೆ. ಶನಿವಾರ ಇಲ್ಲಿನ ಇಂಗ್ಲೆಂಡಿನವರ ಕ್ಲಬ್ಬಿನ ಊಟಕ್ಕೆ ಬಂದು ಮಾತಾಡ್ತಾನೆ. ಒಳ್ಳೇ ಮನುಷ್ಯ. ಕೇಳಿದ ಮೇಲೆ ಹೇಳು.”

ಮನೆಯೊಳಗೆ ಬಂದು ನಾನು ಬೇಡ ಎಂದೆ. ನಿನ್ನ ವೀಸಾ, ನಿನ್ನ ಕೆಲಸ, ನಮಗ್ಯಾಕೆ ಅವರ ರಾಜಕೀಯ ಎಂದೆ. ರಾಘು ಕೂಡ, “ಗಿರಿ, ರಜಕ್ಕೆ ಬಂದಿದ್ದೀಯ, ಆರಾಮಾಗಿ ಇರು,” ಎಂದ.

“ನಮಗ್ಯಾಕೆ ಅಂದ್ರೆ ಹೇಗೆ ಭಾವ? ಅವರ ರಾಜಕೀಯಕ್ಕೆ ನಾನು ಬೇಕಲ್ಲ. ದಿನಾ ಟೀವೀಲಿ ನನ್ನ ಬಗ್ಗೆನೇ ಮಾತಾಡ್ತಾರೆ.” ಅವಳು ನನ್ನ ಕಡೆ ತಿರುಗಿದಳು. “ನೀನು ಬರದಿದ್ರೂ ನಾನು ಹೋಗ್ತೀನಿ ಅಕ್ಕ.”

ಶನಿವಾರ ನಾವಿಬ್ಬರೂ ಹೋದೆವು. ಸಭಾಂಗಣದ ತುಂಬ ಬಿಳಿ ತಲೆಗಳು. ತಟ್ಟೆಗಳಲ್ಲಿ ಮೀನು, ಚಿಪ್ಸು, ಬೇಯಿಸಿದ ಬಟಾಣಿ. ಹೊರಗೆ ಬಿಸಿಲು ಕಾರುಗಳ ಮೇಲೆ ಕುದಿಯುತ್ತಿತ್ತು. ಒಳಗೆ ಏಸಿ ಗುರುಗುಟ್ಟುತ್ತಿತ್ತು. ಬ್ರಯನ್ ನಮ್ಮನ್ನು ಹೆಮ್ಮೆಯಿಂದಲೇ ಪರಿಚಯಿಸಿದ. ಗಿರಿಯ ಉಚ್ಚಾರ ಕೇಳಿದ ಇಬ್ಬರು ಹೆಂಗಸರು ಅವಳನ್ನು ಬಿಡಲೇ ಇಲ್ಲ, ಮತ್ತೆ ಮತ್ತೆ ಮಾತಾಡಿಸಿ ನಕ್ಕರು. ಒಳ್ಳೆಯ ಜನ. ಆ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ.

ಆ ಕೌನ್ಸಿಲರನೂ ರಾಕ್ಷಸನೇನಲ್ಲ. ಸಣ್ಣ ದನಿಯ, ಮೂಗಿನ ತುದಿಗೆ ಬಿಸಿಲು ತಾಗಿ ಸಿಪ್ಪೆ ಎದ್ದಿದ್ದ ಮನುಷ್ಯ. ಮುಚ್ಚಿದ ಅಂಗಡಿಗಳ ಬಗ್ಗೆ, ಆಂಬುಲೆನ್ಸಿಗೆ ಕಾದು ಸತ್ತ ತನ್ನ ಅಣ್ಣನ ಬಗ್ಗೆ ಹೇಳಿದಾಗ ನಾನೂ ಚಮಚ ಕೆಳಗಿಟ್ಟು ಕೇಳಿದೆ. ಆಮೇಲೆ, ಇದಕ್ಕೆಲ್ಲ ಕಾರಣ ಒಂದೇ ಎಂದ. ಬಂದು ಸೇರಿಕೊಂಡವರು. ಕಡಿಮೆ ಸಂಬಳದ ಕೆಲಸಕ್ಕೆ ಬಂದು, ಕುಟುಂಬ ತಂದು, ಐದೇ ವರ್ಷಕ್ಕೆ ನೆಲೆ ಕೇಳುವವರು. ನಮ್ಮ ಪಕ್ಷ ಬಂದರೆ ಯಾರಿಗೂ ಶಾಶ್ವತ ನೆಲೆಯಿಲ್ಲ, ಕೊಟ್ಟದ್ದನ್ನೂ ಮತ್ತೆ ಪರಿಶೀಲಿಸುತ್ತೇವೆ ಎಂದ. ನಿಮ್ಮ ಮತ ಮರಳಿ ಬಂದಿದೆ, ಅದನ್ನು ಬಳಸಿ, ನಿಮ್ಮ ದೇಶವನ್ನು ಮರಳಿ ಪಡೆಯಿರಿ ಎಂದ. ಚಪ್ಪಾಳೆ ಬಿತ್ತು. ಬ್ರಯನ್ ಕೂಡ ತಟ್ಟಿದ, ನಮ್ಮ ಕಡೆ ನೋಡದೆ.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಗಿರಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ. ಬಿಡಿಸಿಕೊಂಡಳು.

“ನಾನು ನಿಮ್ಮೂರಿನವಳು,” ಎಂದು ಶುರು ಮಾಡಿದಳು. ಕೆಲವರು ನಕ್ಕರು. ಅವಳ ಉಚ್ಚಾರ ಕೇಳಿ ನಗು ನಿಂತಿತು. “ಅಲ್ಲಿ ಒಂದು ಕೇರ್ ಹೋಮಿನಲ್ಲಿ ಕೆಲಸ ಮಾಡ್ತೀನಿ. ನೀವು ಹೇಳಿದ ಕಡಿಮೆ ಸಂಬಳದ ಕೆಲಸ ಅದೇ. ಐದು ವರ್ಷ ಅಂತ ನಿಯಮ ಮಾಡಿದ್ದು ನಾನಲ್ಲ, ನಿಮ್ಮ ಸರ್ಕಾರ. ಮುಂದೆ ಬರೋರಿಗೆ ನಿಯಮ ಬದಲಾಯಿಸಿ, ಅದು ನಿಮ್ಮಿಷ್ಟ. ಆದರೆ ಬಸ್ಸಿಗೆ ಹತ್ತಿಸಿಕೊಂಡು, ಟಿಕೆಟ್ ಹರಿದು ಕೊಟ್ಟು, ಊರು ಹತ್ತಿರ ಬಂದಾಗ ಇಳಿ ಅಂದರೆ ಅದಕ್ಕೆ ಏನಂತಾರೆ?”

“ಯಾವ ದೇಶವಾದರೂ ತನ್ನ ನಿಯಮ ಬದಲಾಯಿಸಬಹುದು ಮೇಡಂ,” ಎಂದ ಕೌನ್ಸಿಲರ್, ಮೆತ್ತಗೆ.

“ನಮ್ಮನ್ನ ಕರೆದಿದ್ರು, ಅದಕ್ಕೆ ಬಂದ್ವಿ!” ಎಂದು ಹಿಂದಿನ ಮೇಜಿನ ಹೆಂಗಸೊಬ್ಬರು ಕೂಗಿದರು. ತಾವು ಆಸ್ಟ್ರೇಲಿಯಾಕ್ಕೆ ವಲಸೆ ಬಂದದ್ದು ಬೇರೆ ಎಂಬುದು ಅವರ ಮಾತು.

“ನನ್ನನ್ನೂ ಕರೆದೇ ಕರ್ಕೊಂಡ್ರು ಅಮ್ಮ,” ಎಂದಳು ಗಿರಿ. “ನಿಮಗೆ ಬಂದ ಮೇಲೆ ಯಾರೂ ಮಾತು ಬದಲಾಯಿಸಲಿಲ್ಲ. ಅಷ್ಟೇ ವ್ಯತ್ಯಾಸ.”

ಗುಸುಗುಸು ಶುರುವಾಯಿತು. ಗಿರಿ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದಳು. “ಮತ ಬಳಸಿ ಅಂದ್ರಿ. ಇಲ್ಲಿರೋರು ಆ ಊರಲ್ಲಿ ಐವತ್ತು ವರ್ಷದಿಂದ ಇಲ್ಲ, ಆದ್ರೂ ಮತ ಇದೆ. ಇರಲಿ, ನಾನು ಬೇಡ ಅನ್ನಲ್ಲ. ನಾನು ಆ ಊರಲ್ಲೇ ಇದ್ದೀನಿ. ನನಗೂ ಇದೆ.”

“ನೀನು ಬ್ರಿಟಿಷ್ ಪ್ರಜೆ ಅಲ್ಲವಲ್ಲ?” ಎಂದ ಒಬ್ಬ.

“ಅಲ್ಲ. ಭಾರತೀಯಳು. ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸವಿದ್ರೆ ಮತ ಹಾಕಬಹುದು. ಅದೂ ನಿಮ್ಮ ನಿಯಮವೇ.”

“ಮೊದಲು ಅದನ್ನ ನಿಲ್ಲಿಸಬೇಕು!” ಇನ್ನೊಂದು ಮೂಲೆಯಿಂದ ಬಂತು. ಕೌನ್ಸಿಲರ್ ಮುಗುಳ್ನಕ್ಕು, ಅದೂ ನಮ್ಮ ಯೋಚನೆಯಲ್ಲಿದೆ ಎಂದ.

“ಹಾಗಾದ್ರೆ ನೀವು ನಿಲ್ಲಿಸೋಕೆ ಮುಂಚೆ ಹಾಕ್ತೀನಿ,” ಎಂದಳು ಗಿರಿ.

ಸಭೆ ಎರಡಾಗಿ ಒಡೆಯಿತು. ಯಾರೋ ನಕ್ಕರು, ಯಾರೋ ಮೇಜು ಕುಟ್ಟಿದರು. ಒಬ್ಬ ಮುದುಕಿ ಮಾತ್ರ ಗಟ್ಟಿಯಾಗಿ ಚಪ್ಪಾಳೆ ತಟ್ಟಿದಳು. ನನ್ನ ಪಕ್ಕದ ಗಂಡಸು ಬಗ್ಗಿ, “ನಿನ್ನ ತಂಗಿಗೆ ಕೂರೋಕೆ ಹೇಳು,” ಎಂದ. ದಡೂತಿ ಮನುಷ್ಯ, ಕೆಂಪಾಗಿದ್ದ. ಆ ಕ್ಷಣದವರೆಗೆ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ: ಕೂತ್ಕೋ ಗಿರಿ, ದಯವಿಟ್ಟು ಕೂತ್ಕೋ. ಆದರೆ ಅವನ ಬಾಯಿಂದ ಅದೇ ಮಾತು ಕೇಳಿದಾಗ ಮೈಯೆಲ್ಲ ಉರಿಯಿತು. “ಅವಳು ಕೂರಲ್ಲ,” ಎಂದು ನಾನೂ ಎದ್ದು ಅವಳ ಪಕ್ಕ ನಿಂತೆ. ನಿಂತೆ, ಅಷ್ಟೇ. ಊಟ ಅರ್ಧಕ್ಕೇ ಬಿಟ್ಟು ಹೊರಗೆ ಬಂದಾಗ ಕಾರಿನ ಬಾಗಿಲಿನ ಹಿಡಿ ಮುಟ್ಟಲಾಗದಷ್ಟು ಕಾದಿತ್ತು. ಗಿರಿ ದುಪಟ್ಟಾದಲ್ಲಿ ಹಿಡಿದು ತೆಗೆದು, ಒಳಗೆ ಕೂತು, ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ಮೀನು ಚೆನ್ನಾಗಿತ್ತು, ತಿಂದು ಬರಬೇಕಿತ್ತು,” ಎಂದಳು.

ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದಿದ್ದರು. ಎರಡೇ ದಿನದಲ್ಲಿ ಆ ವಿಡಿಯೊ ಗಿರಿಯ ಊರು ಮುಟ್ಟಿತು. ‘ಪರ್ತ್‌ನಲ್ಲಿ ರಜೆ ಕಳೆಯುತ್ತಿರುವ ವಲಸೆ ಬಂದವಳ ಸೊಕ್ಕು ನೋಡಿ’ ಎಂದು ಯಾರೋ ತಲೆಬರಹ ಕೊಟ್ಟಿದ್ದರು. ಅಲ್ಲಿನ ಆಶ್ರಮದ ಮ್ಯಾನೇಜರ್ ಫೋನ್ ಮಾಡಿದಳು. ಅಜ್ಜ ಅಜ್ಜಿಯರ ಮನೆಯವರು ಕೆಲವರು ದೂರು ಕೊಟ್ಟಿದ್ದಾರೆ, ಸಂಸ್ಥೆ ರಾಜಕೀಯದಲ್ಲಿ ಸಿಕ್ಕಿಕೊಳ್ಳುವ ಹಾಗಿಲ್ಲ, ಮಾತು ಹದ ತಪ್ಪಿತು ಎಂದು ಎರಡು ಸಾಲಿನ ಕ್ಷಮಾಪಣೆ ಹಾಕಿಬಿಡು, ಎಲ್ಲ ತಣ್ಣಗಾಗುತ್ತದೆ ಎಂದಳು. ಬೆದರಿಸಲಿಲ್ಲ. ಬೆದರಿಸುವ ಅಗತ್ಯವೂ ಇರಲಿಲ್ಲ. ಅವರು ಜಾಮೀನು ಹಿಂತೆಗೆದರೆ ಗಿರಿ ಎರಡು ತಿಂಗಳೊಳಗೆ ಬೇರೆ ಕೆಲಸ ಹುಡುಕಬೇಕು. ಇಲ್ಲದಿದ್ದರೆ ಗಂಡ, ಮಗ, ಗಂಟುಮೂಟೆ ಸಮೇತ ಹೊರಡಬೇಕು.

ಆ ಮಧ್ಯಾಹ್ನ ಅಡುಗೆಮನೆಯಲ್ಲಿ ನಾವಿಬ್ಬರೂ ಜಗಳವಾಡಿದೆವು. ಹಾಗೆ ಜಗಳವಾಡಿ ಎಷ್ಟು ವರ್ಷವಾಗಿತ್ತೋ.

“ಎರಡು ಸಾಲು ಬರೆದು ಹಾಕು, ಗಿರಿ. ಇಲ್ಲಾಂದ್ರೆ ಅಲ್ಲಿಗೆ ಹೋಗ್ಲೇಬೇಡ. ನನ್ನ ಫ್ರೆಂಡ್ ನಿನ್ನನ್ನ ತಗೊಳ್ತೀನಿ ಅಂದಿದ್ದಾಳೆ. ಮಂಜು, ಧ್ರುವ ಬರ್ಲಿ.”

“ಇಲ್ಲಿ ಶುರುವಾಗಿಲ್ವಾ? ನೀನೇ ಹೇಳಿದ್ದೆ, ಮೆರವಣಿಗೆ ಆಯ್ತು, ಕಿಟಕಿ ಮುಚ್ಕೊಂಡು ಕೂತಿದ್ವಿ ಅಂತ. ಅಲ್ಲಿಂದ ಇಲ್ಲಿಗೆ ಓಡಿದೆ ಅಂತಿಟ್ಕೋ. ಇಲ್ಲಿಂದ ಎಲ್ಲಿಗೆ ಹೋಗ್ಲಿ?”

“ಅದಕ್ಕೆ ಅಂತ ಇದ್ದಿದ್ದನ್ನೂ ಕಳ್ಕೊಳ್ತೀಯಾ? ಅಪ್ಪನ ಲಾಕೌಟ್ ಟೈಮಲ್ಲಿ ಏನಾಯ್ತು ನೆನಪಿದ್ಯಾ?”

ನಮ್ಮಪ್ಪ ಮೈಸೂರಿನ ಒಂದು ಗಿರಣಿಯಲ್ಲಿದ್ದವರು, ಯೂನಿಯನ್ನಿನ ಮನುಷ್ಯ. ಮಾಲೀಕರು ಬೀಗ ಹಾಕಿದ ವರ್ಷ ನನಗೆ ನೆನಪಿರುವುದು ಅಮ್ಮ ರಾತ್ರಿಯ ಸಾರಿಗೆ ನೀರು ಬೆರೆಸುತ್ತಿದ್ದದ್ದು, ನನ್ನ ಶಾಲೆಯ ಪ್ರವಾಸ ತಪ್ಪಿದ್ದು.

“ನೆನಪಿದೆ,” ಎಂದಳು ಗಿರಿ. “ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ಬೀಗ ಹಾಕಿರೋ ಗೇಟಿಗೆ ಹೋಗಿ ನಿಂತ್ಕೊಳ್ಳೋರು. ನನ್ನನ್ನ ಸೈಕಲ್ ಮುಂದೆ ಕೂರಿಸ್ಕೊಂಡು. ನನಗೆ ಅದೊಂದೇ ನೆನಪು.”

ಒಂದೇ ಮನೆ, ಒಂದೇ ಅಪ್ಪ. ಅವಳು ಗೇಟಿನಲ್ಲಿದ್ದಳು, ನಾನು ಅಡುಗೆಮನೆಯಲ್ಲಿದ್ದೆ.

“ಅಕ್ಕ, ಅಲ್ಲಿ ಸಮುದ್ರದ ಗಾಳಿಗೆ ಕಿವಿ ಕಿತ್ತುಹೋಗುತ್ತೆ. ಸೂರ್ಯನ ಮುಖ ಕಾಣಲ್ಲ. ಆದ್ರೂ ನಂಗೆ ಆ ಊರು ಇಷ್ಟ. ನನ್ನ ಅಜ್ಜಿಯರು ಅಲ್ಲಿದ್ದಾರೆ. ಧ್ರುವನ ಫುಟ್‌ಬಾಲ್ ಟೀಮಿದೆ. ಮಂಜು ಬಸ್ ಓಡಿಸಿದ್ರೆ ದಾರಿಯಲ್ಲಿ ಹೆಸರು ಹಿಡಿದು ಕರೀತಾರೆ. ಬೇರೆ ಗತಿಯಿಲ್ಲ ಅಂತ ನಾನು ಅಲ್ಲಿರೋದಲ್ಲ. ಅದು ನನ್ನೂರು.”

ನಮ್ಮ ಗಲಾಟೆಗೆ ಮೀರಾ ರೂಮಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಚಿಕ್ಕಮ್ಮ ಈಸ್ ರೈಟ್, ಮಮ್,” ಎಂದು ಹೇಳಿ ಹಿಂತಿರುಗಿ ಹೋದಳು.

ಗಿರಿ ಅವತ್ತೇ ಮ್ಯಾನೇಜರಿಗೆ ಉತ್ತರ ಕಳಿಸಿದಳು. ನಾನು ಸುಳ್ಳು ಹೇಳಿಲ್ಲ, ಯಾರನ್ನೂ ಬೈದಿಲ್ಲ, ಕ್ಷಮೆ ಕೇಳುವುದಿಲ್ಲ, ರಜೆ ಮುಗಿದ ಕೂಡಲೇ ಕೆಲಸಕ್ಕೆ ಬರುತ್ತೇನೆ. ನನ್ನ ಗೆಳತಿಗೂ ತಾನೇ ಫೋನ್ ಮಾಡಿ ವಂದನೆ ಹೇಳಿ, ಬರುವುದಿಲ್ಲ ಎಂದಳು.

ಕ್ಲಬ್ಬಿನಿಂದ ಬಂದ ಮೇಲೆ ಬ್ರಯನ್ ಬೇಲಿಯ ಕಡೆ ಸುಳಿದಿರಲಿಲ್ಲ. ಒಂದು ಸಂಜೆ ನಾನೇ ಹೋಗಿ ಅವನ ಗೇಟು ತಟ್ಟಿದೆ.

“ನನ್ನ ಗೆಳೆಯರ ಮುಂದೆ ನನ್ನ ತಲೆ ತಗ್ಗುವ ಹಾಗೆ ಮಾಡಿದಳು,” ಎಂದ. “ನಾನು ಕರೆದುಕೊಂಡು ಹೋದವನು.”

“ನೀವೇ ಕೇಳು ಅಂದ್ರಿ. ಅವಳು ಕೇಳಿದಳು.”

“ನಾನು ಅವರಿಗೇ ವೋಟು ಹಾಕೋದು. ಅದು ಬದಲಾಗಲ್ಲ.”

“ಹಾಕಿ ಬ್ರಯನ್. ಅದು ನಿಮ್ಮ ಹಕ್ಕು, ನಾನು ಅದಕ್ಕೆ ಬಂದಿಲ್ಲ. ಒಂದು ಮಾತು ಹೇಳೋಕೆ ಬಂದೆ. ಇನ್ನೊಂದು ಸಲ ನನಗಾಗಲಿ, ಅವಳಿಗಾಗಲಿ ‘ನೀನಲ್ಲ’ ಅನ್ನಬೇಡಿ. ಅವರು ಹೇಳ್ತಿರೋದು ನಮ್ಮನ್ನೇ. ನೀವು ಬೆರಳು ತೋರಿಸಿದಾಗ ಅದರ ತುದೀಲಿರೋದು ನಾನೇ. ನನ್ನ ಮುಖ ನೋಡಿಕೊಂಡೇ ತೋರಿಸಿ.”

ಹದಿನೈದು ವರ್ಷದ ಗೆಳೆತನದಲ್ಲಿ ಅವನಿಗೆ ನಾನು ದನಿಯೆತ್ತಿದ್ದು ಅದೇ ಮೊದಲು. ಅವನು ನನ್ನನ್ನು ನೋಡಿದ. ನಾನು ಹಿಂತಿರುಗಿ ಬಂದೆ. ಸಮುದ್ರದ ಗಾಳಿ ಆಗಷ್ಟೇ ಎದ್ದಿತ್ತು. ನನಗೂ ಏನೋ ಹಗುರವಾಗಿತ್ತು.

ಫೆಬ್ರವರಿ ಮೊದಲ ವಾರ ಗಿರಿ ಹೊರಟಳು. ಸೂಟ್‌ಕೇಸನ್ನು ಕಾರಿಗೆ ಹಾಕುತ್ತಿದ್ದಾಗ ಬ್ರಯನ್ ಕಸದ ಡಬ್ಬಿ ಎಳೆದುಕೊಂಡು ರಸ್ತೆಗೆ ಬಂದ. ಕಂಡೂ ಕಾಣದವನಂತೆ ನಿಂತ. ಗಿರಿಯೇ ಹೋಗಿ, “ಬರ್ತೀನಿ ಪೆಟ್. ಕಟ್ಟೆಗೆ ನಿಮ್ಮ ನೆನಪು ಹೇಳ್ತೀನಿ,” ಎಂದಳು. ಅವನು ತಲೆಯಾಡಿಸಿದ. ಅವಳ ಕೈ ಹಿಡಿದು ತುಸು ಹೊತ್ತು ಬಿಡಲಿಲ್ಲ. ಕಾರಿನಲ್ಲಿ ನಾನು, ಅವನಿಗ್ಯಾಕೆ ಇಷ್ಟು ಮರ್ಯಾದೆ ಎಂದು ಸಿಡುಕಿದೆ. “ನಾನು ದಿನಾ ಆರೈಕೆ ಮಾಡೋರಲ್ಲಿ ಅರ್ಧ ಜನ ಆ ಪಕ್ಷದೋರೇ ಅಕ್ಕ,” ಎಂದಳು. “ಸಿಟ್ಟು ಮಾಡ್ಕೊಂಡ್ರೆ ಸ್ನಾನ ಮಾಡ್ಸೋದ್ಯಾರು?”

ಅಲ್ಲಿ ಅವಳಿಗೆ ಸುಲಭವಾಗಲಿಲ್ಲ. ಮೊದಲ ದಿನವೇ ವಿಚಾರಣೆಗೆ ಕರೆದರು. ಯೂನಿಯನ್ನಿನವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದಳು. ಕೆಲಸದಿಂದ ತೆಗೆಯಲಿಲ್ಲ. ಆದರೆ ಕೆಲವು ವಾರ ಬರೀ ರಾತ್ರಿ ಪಾಳಿ ಹಾಕಿದರು. ಒಂದು ಮನೆಯವರು, ಇವಳು ನಮ್ಮ ತಾಯಿಯ ಕೋಣೆಗೆ ಕಾಲಿಡಬಾರದು ಎಂದರು. ಆಶ್ರಮ ಒಪ್ಪಿತು. ಆ ತಾಯಿ ಮಾತ್ರ ಗಿರಿ ಎಲ್ಲಿ ಎಂದು ಕೇಳುತ್ತಲೇ ಇದ್ದಳಂತೆ. ಬೇರೆ ಮನೆಯವರು ಕೆಲವರು ಇವಳ ಪರವಾಗಿ ಬರೆದರು. ಊರಿನ ಆರೈಕೆ ಕೆಲಸದವರೆಲ್ಲ ಸೇರಿ ಚರ್ಚ್ ಹಾಲಿನಲ್ಲಿ ಸಭೆ ಮಾಡಿ, ತಮ್ಮ ಎಂಪಿಯನ್ನು ಕರೆಸಿ ಮುಖಾಮುಖಿ ಕೇಳಿದರು. ಆತ ಹಾರಿಕೆಯ ಉತ್ತರ ಕೊಟ್ಟನಂತೆ. ಮತ್ತೆ ಕರೆಯುತ್ತಾರಂತೆ. ಅವಳ ಐದು ವರ್ಷ ಐದಾಗಿಯೇ ಉಳಿಯುತ್ತದೋ ಹದಿನೈದಾಗುತ್ತದೋ, ಇದನ್ನು ಬರೆಯುವ ಹೊತ್ತಿಗೆ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ.

ಇಲ್ಲಿ ಬ್ರಯನ್ ಮತ್ತೆ ಗಿಡಗಳಿಗೆ ನೀರು ಬಿಡುತ್ತಾನೆ. ಮಾತಿದೆ, ಮೊದಲಿನಷ್ಟಿಲ್ಲ. ‘ನೀನಲ್ಲ’ ಎಂಬ ಆ ಶಬ್ದ ಮಾತ್ರ ಅವನ ಬಾಯಿಂದ ಮತ್ತೆ ಬಂದಿಲ್ಲ. ಶೆಡ್ಡಿನಲ್ಲಿ ಇನ್ನೊಬ್ಬರಿಂದ ಬಂತು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, “ನಾನೇ. ಈಗ ಹೇಳಿ,” ಎಂದೆ. ಅವರು ತಮ್ಮ ಕೆಲಸಕ್ಕೆ ತಿರುಗಿದರು.

ಮೇ ತಿಂಗಳಲ್ಲಿ ಗಿರಿಯ ಊರಿನಲ್ಲಿ ಸ್ಥಳೀಯ ಚುನಾವಣೆ ಬಂತು. ನಮ್ಮಲ್ಲಿ ಆಗ ಮೊದಲ ಚಳಿ. ಮಧ್ಯಾಹ್ನದ ಚಹಾದ ಬಿಡುವಿನ ಹೊತ್ತಿಗೆ ಅವಳ ಫೋನ್ ಬಂತು. ಹಿನ್ನೆಲೆಯಲ್ಲಿ ಕಡಲಹಕ್ಕಿಗಳ ಕಿರುಚಾಟ, ಗಾಳಿಯ ಸದ್ದು.

“ಈಗಷ್ಟೇ ಹಾಕಿ ಬಂದೆ ಅಕ್ಕ.”

“ಯಾರಿಗೆ?”

“ಅದನ್ನ ಹೇಳಲ್ಲ.” ನಕ್ಕಳು. ಆಮೇಲೆ ನಡೆದದ್ದನ್ನು ಹೇಳಿದಳು. ಗುರುತಿಗೆಂದು ಕೈಯಲ್ಲಿ ಭಾರತದ ನೀಲಿ ಪಾಸ್‌ಪೋರ್ಟು ಹಿಡಿದು ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದಳು. ಮೂರು ಸಿಂಹಗಳ ಮುದ್ರೆ ಮೇಲೆ ಕಾಣುವ ಹಾಗೆ. ಹಿಂದೆ ನಿಂತಿದ್ದ ಗಂಡಸೊಬ್ಬ ಅದನ್ನು ನೋಡಿದ, ಇವಳನ್ನು ನೋಡಿದ. ಭುಜ ತಟ್ಟಿ, “ಪೆಟ್, ಇದು ವೋಟು ಹಾಕೋ ಸಾಲು. ಪೋಸ್ಟ್ ಆಫೀಸು ಆ ಕಡೆ ಬೀದೀಲಿದೆ,” ಎಂದ.

“ನೀನೇನಂದೆ?”

“ಗೊತ್ತು, ಅದಕ್ಕೇ ನಿಮಗಿಂತ ಮುಂದೆ ನಿಂತಿದ್ದೀನಿ ಅಂದೆ.”